ಬಿಸಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ದಮ್ಮಯ್ಯ

ಇವತ್ತು ಮಧ್ಯಾಹ್ನ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಕಂಡದ್ದು. ಬಾನೆಟ್ ಎತ್ತಿ ನಿಂತ ಕಾರು, ಒಳಗಿಂದ ಹಬೆ. ಒಬ್ಬರು ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ಹಿಡಿದಾಗಿತ್ತು. ಪಕ್ಕದಲ್ಲಿದ್ದವರು ಝರಿಯಿಂದ ತುಂಬಿಸಿದ ಬಾಟಲಿ ಹಿಡಿದು "ತೆಗೀರಿ ಸಾರ್, ಏನಾಗಲ್ಲ" ಅಂತಿದ್ದರು. ಕೂಗಿ ನಿಲ್ಲಿಸಿದ್ದಾಯ್ತು. ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ಏನಾಗಲ್ಲ ಅಂದವರ ಮುಖಕ್ಕೆ ಹಾರುವುದಿಲ್ಲ ಒಳಗಿನ ಕುದಿನೀರು, ತಿರುಗಿಸಿದವರ ಮುಖಕ್ಕೇ ಹಾರುತ್ತೆ.

ಆ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಬಹಳಷ್ಟು ಕಾರುಗಳಲ್ಲಿ ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತೆ. ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚಿನ ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಹೆಚ್ಚುಕಡಿಮೆ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿತ್ತು, 110 ಡಿಗ್ರಿಯಲ್ಲಿ ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಹಬೆಯ ಜೊತೆ ಮೇಲಕ್ಕೆ ಚಿಮ್ಮುತ್ತೆ. ಕೈ ಹಿಂದೆ ತೆಗೆಯುವಷ್ಟೂ ಸಮಯ ಸಿಗುವುದಿಲ್ಲ. ಒದ್ದೆ ಟವೆಲ್ ರಕ್ಷಣೆ ಅಂದುಕೊಂಡಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಶಾಖ ಇನ್ನೂ ಬೇಗ ಚರ್ಮಕ್ಕೆ ದಾಟುತ್ತೆ, ಬಟ್ಟೆ ಕೈಗೆ ಅಂಟಿಕೊಂಡೇ ಸುಡುತ್ತೆ.

ಹಾಗಾಗಿ ಕಾಯಿರಿ ಮಾರಾಯ್ರೇ. ಟೆಂಪರೇಚರ್ ಮುಳ್ಳು ಏರುತ್ತಿದೆ ಅನ್ನುವಾಗಲೇ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಲ್ಲಿಸಿ. ಕೆಂಪು ಮುಟ್ಟಿದರೆ, ಹಬೆ ಬಂದರೆ ಇಂಜಿನ್ ಆಫ್. ಮುಳ್ಳು ಕೆಂಪಿನಿಂದ ತಾನಾಗಿಯೇ ದಿಢೀರ್ ಕೆಳಗಿಳಿದರೆ ಸಮಾಧಾನಪಡಬೇಡಿ. ಸೆನ್ಸರ್ ಮುಳುಗುವಷ್ಟು ನೀರೂ ಉಳಿದಿಲ್ಲ ಅಂತ ಅದರ ಅರ್ಥ ಇರಬಹುದು. ಬಾನೆಟ್ ಸಂದಿಯಿಂದ ಹಬೆ ನಿಂತ ಮೇಲೆ ಎತ್ತಿ, ಕನಿಷ್ಠ 45 ನಿಮಿಷ ಬಿಡಿ. ಘಾಟಿ ಹತ್ತಿ ಬಂದ ಗಾಡಿಗೆ ಒಂದು ಗಂಟೆಯೂ ಬೇಕಾಗುತ್ತೆ. ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು, ಸೆರಗು ದುಪಟ್ಟಾ ಬೆರಳು ದೂರ ಇರಲಿ.

ತಣ್ಣಗಾಯಿತೋ ಇಲ್ಲವೋ ಅನ್ನುವುದನ್ನು ರೇಡಿಯೇಟರಿನ ಮೇಲ್ಗಡೆಯ ದಪ್ಪ ಹೋಸ್ ಹೇಳುತ್ತೆ. ಮೊದಲು ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ. ಬಿಸಿ ಇಲ್ಲದಿದ್ದರೆ ಹಿಸುಕಿ. ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಒತ್ತಡ ಇದೆ, ಮುಟ್ಟಬೇಡಿ. ಸಲೀಸಾಗಿ ಒಳಗೆ ಹೋದರೆ ಮಾತ್ರ ಮುಂದಿನ ಕೆಲಸ. ಆಗಲೂ ದಪ್ಪ ಒಣ ಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ, ಮುಚ್ಚಳವನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಉಸ್ ಅನ್ನುವ ಸದ್ದು ಪೂರ್ತಿ ನಿಲ್ಲಲಿ. ಆಮೇಲೆ ಒತ್ತಿ ತಿರುಗಿಸಿ ತೆಗೆಯಿರಿ.

ನಿಜ ಹೇಳಬೇಕೆಂದರೆ ದಿನನಿತ್ಯದ ಟಾಪ್ ಅಪ್‌ಗೆ ರೇಡಿಯೇಟರ್ ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ. ಪಕ್ಕದಲ್ಲಿ ಕೂಲೆಂಟಿನ, ಅಂದರೆ ಇಂಜಿನ್ ತಣ್ಣಗಿಡುವ ದ್ರವದ, ಪ್ಲಾಸ್ಟಿಕ್ ಬಾಟಲಿ ಇರುತ್ತೆ, ಅದರ ಮೇಲೆ ಎರಡು ಗೆರೆ. ಸಮತಟ್ಟಾದ ಜಾಗದಲ್ಲಿ, ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ, ಎರಡು ಗೆರೆಗಳ ನಡುವೆ ಇದ್ದರೆ ಸಾಕು. ಮೇಲಿನ ಗೆರೆ ದಾಟಿಸಬೇಡಿ, ಬಿಸಿಯಾದಾಗ ಉಬ್ಬುವುದಕ್ಕೆ ಜಾಗ ಬೇಕು. ಕೆಲವು ಗಾಡಿಗಳಲ್ಲಿ ಈ ಬಾಟಲಿಯಲ್ಲೇ ಒತ್ತಡ ಇರುತ್ತೆ, ರೇಡಿಯೇಟರ್ ಮೇಲೆ ಬೇರೆ ಮುಚ್ಚಳವೇ ಇರುವುದಿಲ್ಲ. ಅಂಥ ಬಾಟಲಿಗೂ ಮೇಲೆ ಹೇಳಿದ ಎಲ್ಲ ಎಚ್ಚರಿಕೆ ಬೇಕು, ಪ್ಲಾಸ್ಟಿಕ್ ಅಂತ ಸಲೀಸಾಗಿ ತೆಗೆಯಬೇಡಿ. ವೈಪರ್ ನೀರಿನ ಬಾಟಲಿ ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಸೋಪಿನ ನೀರು ಕೂಲೆಂಟಿಗೆ ಸೇರಿದರೆ ನೊರೆ ಎದ್ದು ಇಂಜಿನ್ ಇನ್ನಷ್ಟು ಕಾಯುತ್ತೆ.

"ನಮ್ಮಲ್ಲೇನು ಹಿಮ ಬೀಳುತ್ತಾ, ಕೂಲೆಂಟ್ ಯಾಕೆ? ಅಂಬಾಸಿಡರ್ ಬಾವಿ ನೀರಲ್ಲೇ ಓಡಿಲ್ವಾ?" ಅಂತ ಕೇಳುವವರಿದ್ದಾರೆ. ಓಡಿದೆ. ಅದರ ಇಂಜಿನ್ನಿನ ಬ್ಲಾಕ್, ಅದರ ಮೇಲೆ ಕೂರುವ ಹೆಡ್ ಎರಡೂ ಬೀಡುಕಬ್ಬಿಣ. ಈಗಿನ ಹೆಡ್ ಅಲ್ಯೂಮಿನಿಯಂ, ನೀರು ಹರಿಯುವ ದಾರಿಗಳು ಸಪೂರ. ಶಾಖ ಹೀರುವುದರಲ್ಲಿ ಬರೀ ನೀರೇ ಮೇಲು ಅನ್ನುವುದೂ ಸರಿ. ಆದರೆ ತುಕ್ಕು ತಡೆಯುವ ರಾಸಾಯನಿಕ ನೀರಿನಲ್ಲಿಲ್ಲ, ಕುದಿಯುವ ಬಿಂದುವೂ ಕಡಿಮೆ. ಬೋರ್‌ವೆಲ್ ನೀರು ಹಾಕಿದರಂತೂ ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಗಟ್ಟಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತೆ. ಬಂಕಿನಲ್ಲಿ ಸಿಗುವ ರೆಡಿ ಮಿಕ್ಸ್ ಡಬ್ಬಿಯಾದರೆ ನೇರ ಹಾಕಬಹುದು. ಕಾನ್ಸಂಟ್ರೇಟ್ ಆದರೆ ಡಬ್ಬಿಯ ಮೇಲೆ ಹೇಳಿದ ಅಳತೆಗೆ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಗುಲಾಬಿ, ಕಿತ್ತಳೆ ಎಲ್ಲ ಹಾಕಿದ ಬಣ್ಣ ಅಷ್ಟೇ, ಹೊಂದದ ಎರಡು ಬೆರೆತರೆ ಲೋಳೆಗಟ್ಟುವುದೂ ಉಂಟು. ಗಾಡಿಯ ಪುಸ್ತಕದಲ್ಲಿ ಯಾವ ಜಾತಿ ಅಂತ ಬರೆದಿದೆಯೋ ಅದೇ.

ಘಾಟಿಯಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಕುಡಿಯುವ ನೀರು ಹಾಕಿ, ತಪ್ಪಿಲ್ಲ. ಆದರೆ ಇಂಜಿನ್ ತಣ್ಣಗಾದ ಮೇಲೆ, ಸ್ವಲ್ಪ ಸ್ವಲ್ಪವೇ. ಕಾದ ಹೆಡ್‌ಗೆ ತಣ್ಣೀರು ಸುರಿದರೆ ಅದು ಬಾಗಬಹುದು, ಬಿರುಕೂ ಬಿಡಬಹುದು. ಲೀಟರ್‌ಗಟ್ಟಲೆ ನೀರು ಹಾಕಿದ್ದರೆ ಊರು ಸೇರಿದ ಕೂಡಲೇ ಫ್ಲಶ್ ಮಾಡಿಸಿ ಕೂಲೆಂಟ್ ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಸಿ.

ಚೆಲ್ಲಿದ ಕೂಲೆಂಟನ್ನು ಒರೆಸಿ, ನೀರು ಹಾಕಿ ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಕೆಲವೇ ಚಮಚ ಬೆಕ್ಕಿನ ಕಿಡ್ನಿ ಕೆಡಿಸಿ ಪ್ರಾಣ ತೆಗೆಯುತ್ತೆ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎತ್ತಿಡಲೇಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ. ಸುಟ್ಟೇಬಿಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಪೇಸ್ಟ್, ಇಂಕು ಹಚ್ಚಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನೊಂದು. ಕೂಲೆಂಟ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ತಿಂಗಳು ತಿಂಗಳು ಅರ್ಧ ಲೀಟರ್ ಕೇಳುತ್ತಿದ್ದರೆ ಎಲ್ಲೋ ಸೋರುತ್ತಿದೆ. ವಾಟರ್ ಪಂಪ್ ಕೆಳಗೆ ಕಲೆ ಇದೆಯಾ, ಹೋಸ್ ಕ್ಲಾಂಪ್ ಹತ್ತಿರ ಬಿಳಿ ಪುಡಿ ಕಟ್ಟಿದೆಯಾ, ಮುಂದಿನ ಸೀಟಿನ ಕಾಲ ಕೆಳಗೆ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬರುತ್ತಾ ನೋಡಿ. ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್, ಹೆಡ್ ನಡುವಿನ ಸೀಲು) ಹೋಗಿರುವ ಸಂಭವ ಹೆಚ್ಚು, ಓಡಿಸಬೇಡಿ, ಟೋ ಮಾಡಿಸಿ. ಇದೆಲ್ಲಕ್ಕಿಂತ ಮೊದಲು ಅದೇ ಮುಚ್ಚಳದ ಒಳಗಿನ ರಬ್ಬರ್ ನೋಡಿ. ಸೀಳಿದ್ದರೆ, ಗಟ್ಟಿಯಾಗಿದ್ದರೆ ಒತ್ತಡ ನಿಲ್ಲದೆ ಕೂಲೆಂಟ್ ಬೇಗ ಕುದಿದು ಹೊರಗೆ ಹೋಗುತ್ತೆ. ಹೊಸದು ಹಾಕುವಾಗ ಹಳೆಯದರ ಮೇಲೆ ಬರೆದ ಅಂಕಿಯದ್ದೇ ತನ್ನಿ. ರಬ್ಬರ್ ನೋಡುವುದೂ ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ.