ಅಳಿಲಿನ ಕೈಗೆ ಏನಾದರೂ ಕೊಡಿ

ಅಳಿಲಿನ ಚಿತ್ರ ಬರೆಸುತ್ತಿರುವ ಸ್ಟುಡಿಯೋ ಯಜಮಾನರಿಂದ ಈಗಷ್ಟೇ ಬಂದ ಮೆಸೇಜು: "ಎಲ್ಲಾ ಚೆನ್ನಾಗಿದೆ ಸರ್, ಕೈ ಮಾತ್ರ ಖಾಲಿ ಖಾಲಿ ಕಾಣ್ತಿದೆ. ಏನಾದ್ರೂ ಕೊಡಿ." ಮೂರು ಮತ್ತೊಂದು ಜನರ ಡಿಸೈನ್ ಸ್ಟುಡಿಯೋಗಳಿಗೆ ಮ್ಯಾಸ್ಕಾಟ್, ಅಂದರೆ ಸಂಸ್ಥೆಯ ಗುರುತಾಗುವ ಗೊಂಬೆಯಂಥ ಪಾತ್ರ, ಬರೆದುಕೊಡುವವರಿಗೆಲ್ಲ ಈ ಸಾಲು ಬಾಯಿಪಾಠ. ನೆಂಟರ ಮನೆಗೆ ಬರಿಗೈಲಿ ಹೋಗಬಾರದು, ಒಪ್ಪಿದೆ. ಅಳಿಲಿಗೂ ಆ ಶಾಸ್ತ್ರ ಯಾಕೆ?

ಸಣ್ಣ ಸ್ಟುಡಿಯೋಗೆ ಅಳಿಲು ಒಳ್ಳೆಯ ಆಯ್ಕೆಯೇ. ಅಳಿಲು ಸೇವೆ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಜೊತೆಗೆ ರಾಮ ಸವರಿದ ಮೂರು ಗೆರೆ ಪುಕ್ಕಟೆ. ಎಡವಟ್ಟೆಂದರೆ ಆ ಗೆರೆ ಇರುವುದು ಬೆನ್ನ ಮೇಲೆ. ಎದುರಿಗೆ ನಿಲ್ಲಿಸಿದಿರೋ, ನೋಡಿದವರೆಲ್ಲ ಇಲಿ ಅಂತಾರೆ. ಹಾಗಾಗಿ ಮೈಯನ್ನು ಸ್ವಲ್ಪ ಓರೆಯಾಗಿಸಿ, ಬಾಲವನ್ನು ತಲೆಗಿಂತ ಮೇಲಕ್ಕೆತ್ತಿ, ಗೆರೆಗಳನ್ನು ನೆತ್ತಿಯವರೆಗೆ ಎಳೆದು ತರಬೇಕು. ಆಮೇಲೆ ಇಡೀ ಚಿತ್ರಕ್ಕೆ ಕಪ್ಪು ತುಂಬಿ ನೋಡಿ. ಬರೀ ನೆರಳಲ್ಲೂ ಅಳಿಲು ಅನಿಸಿದರೆ ಮುಂದಿನ ಕೆಲಸ. ಎದುರು, ಓರೆ, ಪಕ್ಕ, ಹಿಂದೆ ಹೀಗೆ ನಾಲ್ಕೂ ನೋಟ ಒಂದೇ ಹಾಳೆಯಲ್ಲಿ, ಕಣ್ಣು-ಭುಜ-ಸೊಂಟಕ್ಕೆ ಅಡ್ಡಗೆರೆ ಹಾಕಿ. ಈ ಹಾಳೆ ಇಲ್ಲದಿದ್ದರೆ ಮುಂದೆ ಯಾರು ಬರೆದರೂ ಅಳಿಲು ದಪ್ಪಗಾಗುತ್ತಾ ಹೋಗುತ್ತದೆ. ಎಐಗೆ ಒಪ್ಪಿಸಿದರೆ ಗೆರೆ ಒಮ್ಮೆ ಮೂರು, ಒಮ್ಮೆ ಐದು. ಉತ್ತರ ಭಾರತದ ಅಳಿಲಿಗೆ ಐದು ಗೆರೆ ಇರುವುದು ನಿಜ, ಆದರೆ ಒಂದೇ ಪ್ರಾಣಿ ದಿನಕ್ಕೊಂದು ರಾಜ್ಯದ್ದಾದರೆ ಹೇಗೆ?

ಕೈಗೆ ಬರೋಣ. ಯಜಮಾನರ ಮಾತಿಗೆ ಮೊದಲು ಒಂದು ಪೆನ್ಸಿಲ್ ಕೊಡಲಾಗುತ್ತದೆ. "ಈಗ ಲೈಫ್ ಬಂತು ನೋಡಿ! ಆ ಇನ್ನೊಂದು ಕೈ?" ಅದಕ್ಕೆ ಕಾಫಿ ಲೋಟ. ಸ್ಟುಡಿಯೋದವರು ವಿಡಿಯೋನೂ ಮಾಡುತ್ತಾರಲ್ಲ, ಬಾಲಕ್ಕೆ ಕ್ಯಾಮೆರಾ. ಇಷ್ಟೆಲ್ಲ ಹೊತ್ತ ಅಳಿಲು ಮನೆ ಖಾಲಿ ಮಾಡಿಕೊಂಡು ಹೊರಟಂತಿರುತ್ತದೆ. ಅಷ್ಟರಲ್ಲಿ ಯುಗಾದಿ. "ಸರ್, ಅಳಿಲು ಜನಕ್ಕೆ ಕೈ ಮುಗೀಬೇಕು."

ಯಾವ ಕೈ?

"ಪೆನ್ಸಿಲ್ ಬಾಯಲ್ಲಿ ಕಚ್ಚಲಿ." ಕಚ್ಚಿಸಿದರೆ ನಗು ಹೋಯಿತು, ನಾಯಿಯ ಮುಖ ಬಂತು. "ಲೋಟ ತಲೆ ಮೇಲಿಡಿ." ಇಟ್ಟರೆ ಬಾಲ ಮರೆಯಾಯಿತು, ಮತ್ತೆ ಇಲಿ. ಕೊನೆಗೆ ಅಂತಿಮ ಪರಿಹಾರ: "ಇನ್ನೆರಡು ಕೈ ಹಾಕ್ಬಿಡಿ ಸರ್, ದೇವರಿಗೆಲ್ಲಾ ನಾಲ್ಕಿಲ್ವಾ?"

ವಾದಕ್ಕೆ ಗಟ್ಟುವನ್ನೂ ಎಳೆದು ತರುತ್ತಾರೆ. ಮೈಸೂರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದ ಆ ತುಂಟ ಹುಡುಗನ ಕೈಯಲ್ಲಿ ಬ್ರಷ್ಷು, ಬಣ್ಣದ ಡಬ್ಬಿ ಇದ್ದದ್ದು ಹೌದು. ಅಂಗಡಿಯಲ್ಲಿ ಮಾರುತ್ತಿದ್ದದ್ದೂ ಅದನ್ನೇ. 2002ರಲ್ಲಿ ರೈಲ್ವೆಯ 150ನೇ ವರ್ಷಕ್ಕೆ ಬಂದ ಗಾರ್ಡ್ ಆನೆ ಭೋಲುವಿನ ಕೈಗೆ ಹಸಿರು ದೀಪ ಒಂದೇ ಸಾಕಾಯಿತು. ಗಟ್ಟುವನ್ನು ಕಂಪನಿ ಎಂದೋ ಮನೆಗೆ ಕಳಿಸಿದೆ. ಆದರೂ ಒಂದು ವಯಸ್ಸಿನವರಿಗೆ ಹಣೆ ಮೇಲೆ ಬಿದ್ದ ಆ ಕೂದಲು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಅಳಿಲನ್ನು ಯಾರಾದರೂ ಹಾಗೆ ನೆನೆಯುವುದುಂಟೇ? ಮುಖ ಕಾಣಲು ಜಾಗ ಬಿಟ್ಟರೆ ತಾನೆ.

ಸಾಮಾನು ಹೊತ್ತ ಅಳಿಲು ಮುಂದೆ ಎಲ್ಲೆಲ್ಲಿ ಬೀಳುತ್ತದೆ ಅನ್ನುವುದೂ ಗೊತ್ತಿರಲಿ. ಬ್ರೌಸರ್ ಟ್ಯಾಬಿನಲ್ಲಿ ಸಿಗುವ ಜಾಗ 16 ಪಿಕ್ಸೆಲ್ ಚೌಕ. ಅಲ್ಲಿ ಪೆನ್ಸಿಲ್ ಅಂದರೆ ಒಂದು ಕಸದ ಚುಕ್ಕೆ. ಅದಕ್ಕೆ ಬಾಲ ಮತ್ತು ತಲೆಯಷ್ಟೇ ಇರುವ ಬೇರೆ ಚಿತ್ರ ಬರೆಯಬೇಕು. ವಾಟ್ಸ್ಆ್ಯಪ್ ಸ್ಟಿಕರ್ 512 ಪಿಕ್ಸೆಲ್ ಚೌಕ, ಅಲುಗಾಡದಿದ್ದರೆ 100 ಕೆಬಿಯೊಳಗೆ; ಸುತ್ತ ಬಿಳಿ ಅಂಚು ಬಿಡದಿದ್ದರೆ ಡಾರ್ಕ್ ಮೋಡ್‌ನಲ್ಲಿ ಕಪ್ಪು ಗೆರೆ ಮಾಯ. ಪರದೆಯಲ್ಲಿ ಝಗ್ಗನೆ ಹೊಳೆಯುವ ಕಿತ್ತಳೆ, ಮುದ್ರಣದ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಗೆ ತಿರುಗಿಸಿ ವಿಸಿಟಿಂಗ್ ಕಾರ್ಡಿಗೆ ಹಾಕಿದರೆ ಮಂಕು. ಟೀ ಶರ್ಟಿನ ಕಸೂತಿಯಲ್ಲಿ ಮೀಸೆ ನಿಲ್ಲುವುದೇ ಇಲ್ಲ, ದಾರ ಗಂಟಾಗುತ್ತದೆ. ಮೂರೇ ಬಣ್ಣ, ದಪ್ಪ ಗೆರೆ, ಫೈಲು ವೆಕ್ಟರ್‌ನಲ್ಲಿ (ಚುಕ್ಕೆಗಳಲ್ಲಿ ಅಲ್ಲ, ಗೆರೆಗಳ ಲೆಕ್ಕದಲ್ಲಿ ಉಳಿಯುವ ಚಿತ್ರ): ಇಷ್ಟಿದ್ದರೆ ಫ್ಲೆಕ್ಸಿಗೆ ಹಿಗ್ಗಿಸಿದರೂ ಒಡೆಯುವುದಿಲ್ಲ. ಎರಡು ಸುತ್ತು ತಿದ್ದುಪಡಿ ಉಚಿತ, ಕೈಗೆ ಕೊಡುವ ಪ್ರತಿ ವಸ್ತುವಿಗೂ ಪ್ರತ್ಯೇಕ ದರ ಅಂತ ಕೊಟೇಶನ್ನಿನಲ್ಲೇ ಹಾಕಿಬಿಡಿ.

ಹಕ್ಕು ವರ್ಗಾವಣೆಯ ಪತ್ರವನ್ನೂ ಮೊದಲೇ ಮಾಡಿಸಿ. ಅದರಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ 5 ವರ್ಷ ಅಂತಲೇ ಲೆಕ್ಕ ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪತ್ರ ಮುಂದಿಟ್ಟರೆ ಯಜಮಾನರು "ನಮ್ಮಲ್ಲಿ ಅದೆಲ್ಲ ಯಾಕೆ ಸರ್, ನೀವು ಮನೆಯವರಿದ್ದಂಗೆ" ಅನ್ನುತ್ತಾರೆ. ಮನೆಯವರಿಗೆ ಅಡ್ವಾನ್ಸ್ ಕೊಡುವ ಪದ್ಧತಿಯೂ ಅವರಲ್ಲಿಲ್ಲ.