ಹಂಚುವ ದಿನಕ್ಕೆ ದುಡ್ಡಿದೆ, ನಡೆಸುವ ತಿಂಗಳಿಗೆ ಇಲ್ಲ

ನಮ್ಮ ಅಕ್ಕನ ಮನೆ ತುಮಕೂರಿನ ಶಿರಾ ಗೇಟ್ ಹತ್ತಿರ. ಬಾಗಿಲ ಪಕ್ಕದಲ್ಲೇ ಒಂದು ಟ್ರೈಸಿಕಲ್ ನಿಂತಿದೆ. ಕೈಯಲ್ಲಿ ಪೆಡಲ್ ತಿರುಗಿಸಿ ಓಡಿಸುವಂಥದ್ದು. ಎರಡು ವರ್ಷದ ಹಿಂದೆ ಒಂದು ಸರ್ಕಾರಿ ಕಚೇರಿಯಿಂದ ಅಕ್ಕನ ಮಗನಿಗೆ ಅಂತ ಕೊಟ್ಟರು. ಶಾಮಿಯಾನ ಹಾಕಿದ್ದರು, ಹೂವಿನ ಹಾರ ಇತ್ತು, ಫೋಟೊ ತೆಗೆದರು. ಅಕ್ಕ ಅವತ್ತು ಹೊಸ ಸೀರೆ ಉಟ್ಟುಕೊಂಡು ಹೋಗಿದ್ದಳು.

ಹುಡುಗನಿಗೆ ಈಗ 11 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಎರಡೂ ಕೈ ಬಿಗಿ. ಬೆನ್ನಿಗೆ ಆಸರೆ ಇಲ್ಲದೆ ಕೂರಲು ಆಗುವುದಿಲ್ಲ. ಅಂಥ ಮಗು ಕೈಯಲ್ಲಿ ಪೆಡಲ್ ತಿರುಗಿಸುವುದು ಹೇಗೆ? ಒಂದು ದಿನವೂ ಅವನು ಅದರ ಮೇಲೆ ಕೂತಿಲ್ಲ. ಕೊಟ್ಟವರ ಮೇಲೆ ಅಕ್ಕನಿಗೆ ಸಿಟ್ಟೂ ಇಲ್ಲ. "ಅವರ ಹತ್ರ ಇದ್ದಿದ್ದು ಅದೇ ಕಣೇ, ಅದನ್ನೇ ಕೊಟ್ರು" ಅನ್ನುತ್ತಾಳೆ.

ಅದೇ ಹುಡುಗ ಹೋದ ದೀಪಾವಳಿಯಿಂದ ಚಮಚ ಹಿಡಿದು ತಾನೇ ಊಟ ಮಾಡುತ್ತಿದ್ದಾನೆ. ಅರ್ಧ ಅಂಗಿ ಮೇಲೆ ಬೀಳುತ್ತೆ, ಅರ್ಧ ಬಾಯಿಗೆ ಹೋಗುತ್ತೆ. ಮೊದಲ ಸಲ ನೋಡಿದಾಗ ಅಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಇದನ್ನು ಅವನಿಗೆ ಕಲಿಸಿದ್ದು ಒಂದು ಸಣ್ಣ ಬಾಡಿಗೆ ಮನೆಯಲ್ಲಿ. ನಿವೃತ್ತರಾದ ಒಬ್ಬರು ಟೀಚರ್ ಅಲ್ಲಿ ಇಂಥ ಮಕ್ಕಳಿಗಾಗಿ ಹಗಲು ಕೇಂದ್ರ ನಡೆಸುತ್ತಾರೆ. 22 ಮಕ್ಕಳಿದ್ದಾರೆ. ಇಬ್ಬರು ಆಯಾ, ಮಕ್ಕಳನ್ನು ಕರೆತರುವ ಎರಡು ಆಟೊ, ವಾರಕ್ಕೆ ಮೂರು ದಿನ ಬರುತ್ತಿದ್ದ ಫಿಸಿಯೋಥೆರಪಿಸ್ಟ್. ಬಾಡಿಗೆ, ಸಂಬಳ, ಆಟೊ ಎಲ್ಲ ಸೇರಿ ತಿಂಗಳಿಗೆ 70 ಸಾವಿರದ ಹತ್ತಿರ ಆಗುತ್ತದೆ. ಯಾವ ಅನುದಾನವೂ ಇಲ್ಲ. ಪೋಷಕರು ಕೈಲಾದಷ್ಟು ಕೊಡುತ್ತಾರೆ. ಟೀಚರ್ ತಮ್ಮ ಪಿಂಚಣಿ ಹಾಕುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಅಂತ ಯಾರಾದರೂ ಅಕ್ಕಿ, ಬೇಳೆ ತಂದುಕೊಡುತ್ತಾರೆ. ಈ ಜೂನ್‌ನಿಂದ ಫಿಸಿಯೋಥೆರಪಿಸ್ಟ್ ವಾರಕ್ಕೆ ಒಂದೇ ದಿನ ಬರುತ್ತಿದ್ದಾರೆ. ಉಳಿದ ಎರಡು ದಿನಕ್ಕೆ ಕೊಡಲು ದುಡ್ಡಿಲ್ಲ.

ಉಪಯೋಗಕ್ಕೆ ಬಾರದ ಗಾಡಿಗೆ ದುಡ್ಡಿತ್ತು, ಮಗುವಿಗೆ ಚಮಚ ಹಿಡಿಯಲು ಕಲಿಸಿದವರಿಗೆ ಇಲ್ಲ. ಇದು ಯಾಕೆ ಹೀಗೆ ಅಂತ ತಿಳಿದುಕೊಳ್ಳಲೇಬೇಕು ಅನ್ನಿಸಿತು. ಕೆಲವು ತಿಂಗಳಿಂದ ಬಜೆಟ್, ಸುತ್ತೋಲೆ, ಕಾನೂನು ಅಂತ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದಿ ನನಗೆ ಅರ್ಥವಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ರಾಜ್ಯದ ಪಾಲಿಕೆ, ನಗರಸಭೆ, ಪುರಸಭೆಗಳು ತಮ್ಮ ನಿಧಿಯಲ್ಲಿ ಒಂದು ಪಾಲನ್ನು ಬಡವರಿಗಾಗಿ ಎತ್ತಿಡಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10. ಇತರೆ ಬಡ ಜನರಿಗೆ ಶೇ 7.25. ವಿಕಲಚೇತನರಿಗೆ ಶೇ 5. ಪತ್ರಿಕೆಯಲ್ಲಿ ಬರುವ 'ಅರ್ಜಿ ಆಹ್ವಾನ' ಪ್ರಕಟಣೆಗಳಲ್ಲಿ ಈ ಅಂಕಿ ನೀವೂ ನೋಡಿರುತ್ತೀರಿ. 24.10 ಎಲ್ಲಿಂದ ಬಂತು ಗೊತ್ತಾ? 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇ 17.15, ಪಂಗಡದವರು ಶೇ 6.95. ಎರಡೂ ಕೂಡಿಸಿದರೆ 24.10. ಅಂದರೆ ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನವಲ್ಲ, ಜನಸಂಖ್ಯೆಗೆ ತಕ್ಕ ಪಾಲು. ವಿಕಲಚೇತನರ ಶೇ 5 ಕೂಡ ದಾನವಲ್ಲ, ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಭಿವೃದ್ಧಿ ಯೋಜನೆಗಳಲ್ಲಿ ಶೇ 5 ಮೀಸಲು ಇರಬೇಕು ಅನ್ನುತ್ತದೆ. ಅದೇ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಸೆರೆಬ್ರಲ್ ಪಾಲ್ಸಿ, ಆಟಿಸಂ, ತಲಸ್ಸೇಮಿಯಾ ಎಲ್ಲ ಅದರಲ್ಲಿವೆ.

ಪಟ್ಟಿಯಲ್ಲಿ 21 ಬಗೆ ಇವೆ. ಆದರೆ ಊರೂರಲ್ಲಿ ಕೊಡುವ ವಸ್ತುಗಳು ನಾಲ್ಕೈದೇ. ಟ್ರೈಸಿಕಲ್, ವ್ಹೀಲ್‌ಚೇರ್, ಶ್ರವಣ ಸಾಧನ, ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರ್, ಹೊಲಿಗೆ ಯಂತ್ರ. ಈ ವಸ್ತುಗಳು ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಅಣ್ಣ ಇದ್ದಾರೆ, ಪೋಲಿಯೊದಿಂದ ಕಾಲು ಹೋಗಿದೆ. ಅಂಥ ಸ್ಕೂಟರ್ ಸಿಕ್ಕ ಮೇಲೆ ದಿನಾ ಬೆಳಗ್ಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ಸೊಪ್ಪು ತಂದು ಮಾರುತ್ತಾರೆ. ಮನೆ ಅವರಿಂದಲೇ ನಡೆಯುತ್ತಿದೆ. ಅಂಥವರಿಗೆ ಇನ್ನೂ ಜಾಸ್ತಿ ಕೊಡಲಿ.

ನನ್ನ ಮಾತು ಬೇರೆ. ಒಂದೇ ವಸ್ತು ಎಷ್ಟು ಕಡೆಯಿಂದ ಬರುತ್ತದೆ ನೋಡಿ. ಸ್ಥಳೀಯ ಸಂಸ್ಥೆಯ ಶೇ 5ರಲ್ಲಿ ಬರುತ್ತದೆ. ವಿಕಲಚೇತನರ ಇಲಾಖೆಯಿಂದ ಬರುತ್ತದೆ. ಕೇಂದ್ರದ ಶಿಬಿರಗಳಲ್ಲಿ ಬರುತ್ತದೆ. ಶಾಸಕರ ನಿಧಿ, ಸಂಸದರ ನಿಧಿಯಲ್ಲೂ ಬರುತ್ತದೆ. ಐದು ಕೈ ಒಂದೇ ವಸ್ತು ಕೊಡುತ್ತವೆ. ಫಿಸಿಯೋಥೆರಪಿಸ್ಟ್ ಸಂಬಳ ಕೊಡಲು ಒಂದು ಕೈಯೂ ಮುಂದೆ ಬರುವುದಿಲ್ಲ.

ಇದರ ಹಿಂದೆ ಯಾರ ಕೆಟ್ಟ ಬುದ್ಧಿಯೂ ಇರಬೇಕಾಗಿಲ್ಲ. ಕಚೇರಿಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದ ಪರಿಚಯದವರೊಬ್ಬರು ನನಗೆ ಬಿಡಿಸಿ ಹೇಳಿದರು. ವಸ್ತು ಆದರೆ ಟೆಂಡರ್ ಇರುತ್ತದೆ, ಬಿಲ್ ಇರುತ್ತದೆ, ಫಲಾನುಭವಿಯ ಸಹಿ ಇರುತ್ತದೆ. ಆಡಿಟ್‌ನವರು ಬಂದಾಗ ತೋರಿಸಬಹುದು. ಮಾರ್ಚ್ 31ರೊಳಗೆ ಖರ್ಚು ಮುಗಿಸಬಹುದು. ಸೇವೆ ಅಂದರೆ ಹಾಗಲ್ಲ. ತಿಂಗಳು ತಿಂಗಳು ದುಡ್ಡು ಹೋಗಬೇಕು, ಯಾರೋ ಹೋಗಿ ನೋಡಬೇಕು, ಮಕ್ಕಳು ಬಂದರಾ ಅಂತ ಹಾಜರಿ ಪರೀಕ್ಷಿಸಬೇಕು. ಆ ಕೆಲಸಕ್ಕೆ ಜನ ಇಲ್ಲ. ಬಡವರ ಯೋಜನೆಗಳನ್ನು ನೋಡಿಕೊಳ್ಳುವ ಸಮುದಾಯ ಸಂಘಟಕರು ಇದ್ದರೂ ಅವರ ತಲೆ ಮೇಲೆ ಸ್ವಸಹಾಯ ಸಂಘ, ಬೀದಿಬದಿ ವ್ಯಾಪಾರಿಗಳ ಸಾಲ, ಸಮೀಕ್ಷೆ ಅಂತ ಹತ್ತು ಕೆಲಸ. ಅದರ ಮೇಲೆ, ವಾರ್ಡಿಗೆ ಇಷ್ಟು ಜನರಿಗೆ ಕೊಟ್ಟೆವು ಅಂತ ತೋರಿಸುವ ಒತ್ತಡ. ಒಂದು ವಾರ್ಡಿನಲ್ಲಿರುವ ಹಗಲು ಕೇಂದ್ರಕ್ಕೆ ದುಡ್ಡು ಕೊಟ್ಟರೆ ಉಳಿದ 34 ವಾರ್ಡಿನವರು 'ನಮಗೇನು ಸಿಕ್ಕಿತು' ಅಂತ ಕೇಳುತ್ತಾರೆ. ಹದಿನೈದು ವಾರ್ಡಿನ ಮಕ್ಕಳು ಅಲ್ಲಿಗೇ ಬರುತ್ತಿದ್ದರೂ ಲೆಕ್ಕ ಹಾಗೆ ಬರೆಯುವುದಿಲ್ಲ.

ಅವರು ಹೇಳಿದ್ದು ನನಗೆ ಅರ್ಥವಾಯಿತು. ಒಪ್ಪಿಗೆ ಮಾತ್ರ ಆಗಲಿಲ್ಲ. ಯಾಕೆಂದರೆ ನಡೆಸುವ ಖರ್ಚು ಕೊಟ್ಟ ಉದಾಹರಣೆ ನಮ್ಮಲ್ಲೇ ಇದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಮನೆಯಿಲ್ಲದವರ ಆಶ್ರಯ ಕೇಂದ್ರಗಳು ಇದ್ದವಲ್ಲ, 1 ಲಕ್ಷ ಜನಸಂಖ್ಯೆಗೆ 1 ಕೇಂದ್ರ ಅನ್ನುವ ಲೆಕ್ಕದಲ್ಲಿ. ಅಲ್ಲಿ ಕಟ್ಟಡದ ಜೊತೆ ನಿರ್ವಹಣೆಯ ಖರ್ಚನ್ನೂ ಯೋಜನೆಯಲ್ಲೇ ಇಟ್ಟಿದ್ದರು. ಸಂಸ್ಥೆಗಳಿಗೆ ವಹಿಸಿ ನಡೆಸಲು ಅವಕಾಶ ಕೊಟ್ಟಿದ್ದರು. ರಾತ್ರಿ ಮಲಗುವ ಜಾಗಕ್ಕೆ ಆಗಿದ್ದು ಹಗಲು ಮಗು ನೋಡಿಕೊಳ್ಳುವ ಜಾಗಕ್ಕೆ ಯಾಕೆ ಆಗಬಾರದು?

ಇನ್ನು ದುಡ್ಡು ಯಾರದು ಅನ್ನುವ ಮಾತು. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಇರುತ್ತದೆ. ತೆರಿಗೆ 4,000 ರೂಪಾಯಿ ಆದರೆ ಆರೋಗ್ಯಕ್ಕೆ 600, ಗ್ರಂಥಾಲಯಕ್ಕೆ 240, ಭಿಕ್ಷುಕರ ಕರ 120. ಆ 120 ರೂಪಾಯಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ನಿರಾಶ್ರಿತರಿಗೆ ಅಂತ ಹೋಗುತ್ತದೆ. ನಾನು ಇಷ್ಟು ವರ್ಷ ಶೇ 5 ರಿಯಾಯಿತಿ ಸಿಗುತ್ತೆ ಅಂತ ಏಪ್ರಿಲ್‌ನಲ್ಲೇ ಕಟ್ಟಿ ರಸೀದಿ ಮಡಚಿ ಇಟ್ಟುಬಿಡುತ್ತಿದ್ದೆ. ಒಂದೊಂದು ಸಾಲಾಗಿ ಓದಿದ್ದು ಈ ವರ್ಷವೇ. ಪ್ರತಿ ಮನೆಯವರೂ ಊರಿನ ಕಷ್ಟಕ್ಕೆ ಆಗಲೇ ಕೊಡುತ್ತಿದ್ದಾರೆ. ಹಾಗಿರುವಾಗ ಎಲ್ಲಿಗೆ ಹೋಯಿತು ಅಂತ ಕೇಳುವುದರಲ್ಲಿ ಸಂಕೋಚ ಏನು?

ತುಮಕೂರಿನವರಿಗೆ ನಡೆಸುವುದು ಅಂದರೆ ಏನು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸಿದ್ಧಗಂಗಾ ಮಠದ ದಾಸೋಹ ನಮ್ಮ ಕಣ್ಣ ಮುಂದೆಯೇ ಇದೆ. ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ತೀರಿಕೊಂಡ ದಿನ ಊರಿಗೆ ಊರೇ ಬೀದಿಗೆ ಬಂದಿತ್ತು. ಮಠದಲ್ಲಿ ಓದಿ ಹೋದವರು ಎಲ್ಲೆಲ್ಲಿಂದಲೋ ಬಂದಿದ್ದರು. ಅವರು ನೆನೆಸಿಕೊಂಡದ್ದು ಏನನ್ನು? ಯಾವತ್ತೋ ಒಂದು ದಿನ ಕೊಟ್ಟ ವಸ್ತುವನ್ನಲ್ಲ. ದಿನಾ ಒಲೆ ಹೊತ್ತಿಕೊಳ್ಳುತ್ತಿತ್ತು, ದಿನಾ ಮುದ್ದೆ ಸಾರು ಸಿಗುತ್ತಿತ್ತು, ದಿನಾ ಪಾಠ ನಡೆಯುತ್ತಿತ್ತು ಅನ್ನುವುದನ್ನು. ರೈತರು ಬೆಳೆದಿದ್ದರಲ್ಲಿ ಒಂದು ಪಾಲು ಮಠಕ್ಕೆ ಅಂತ ಎತ್ತಿಡುತ್ತಿದ್ದರು. ಒಂದು ವರ್ಷ ಕೊಟ್ಟು ಮರುವರ್ಷ ಮರೆತಿದ್ದರೆ ಆ ಒಲೆ ಉರಿಯುತ್ತಿತ್ತಾ? ಹಾಗಂತ ಮಠ ಮಾಡುತ್ತದೆ ಬಿಡು ಅಂತ ನಗರ ಕೈಕಟ್ಟಿ ಕೂರಬಾರದು. 22 ಮಕ್ಕಳ ಆ ಮನೆ ಯಾವ ಮಠದ್ದೂ ಅಲ್ಲ.

ಬೇರೆ ಊರುಗಳಲ್ಲಿ ಹೇಗೆ ಮಾಡುತ್ತಾರೆ ಅಂತಲೂ ಹುಡುಕಿದೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆ ಸಭೆಗಳಲ್ಲಿ ಜನರೇ ಕೂತು ಬಜೆಟ್‌ನ ಒಂದು ಭಾಗ ಎಲ್ಲಿಗೆ ಅಂತ ಹೇಳುವ ಪದ್ಧತಿ ಶುರುವಾಯಿತು. ನಮ್ಮ ದೇಶದಲ್ಲೇ ಪುಣೆಯವರು 2006ರಿಂದ ನಾಗರಿಕರಿಂದ ಕೆಲಸಗಳ ಪಟ್ಟಿ ತೆಗೆದುಕೊಳ್ಳುತ್ತಿದ್ದಾರೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಮೆರಿಕದ ಪದ್ಧತಿ. ಅಲ್ಲಿ 1974ರ ಕಾನೂನಿನಂತೆ ಕೇಂದ್ರ ಸರ್ಕಾರ ನಗರಗಳಿಗೆ ಸಮುದಾಯ ಅಭಿವೃದ್ಧಿಗೆ ದುಡ್ಡು ಕೊಡುತ್ತದೆ. ಅದರಲ್ಲಿ ಶೇ 15ರವರೆಗೆ ಸೇವೆಗಳಿಗೇ ಬಳಸಬಹುದು. ಮಕ್ಕಳ ಆರೈಕೆ, ವಯಸ್ಸಾದವರ ಊಟ, ವಿಕಲಚೇತನರ ಕೇಂದ್ರ, ಹೀಗೆ. ನಗರದವರು ವರ್ಷಕ್ಕೆ ಕನಿಷ್ಠ 2 ಸಾರ್ವಜನಿಕ ಸಭೆ ನಡೆಸಲೇಬೇಕು. ಯಾವುದಕ್ಕೆ ಎಷ್ಟು ಅನ್ನುವ ಕರಡನ್ನು 30 ದಿನ ಜನರ ಮುಂದೆ ಇಡಬೇಕು. ಶೇ 15 ಅಲ್ಲೂ ಸಾಲುವುದಿಲ್ಲ. ಆದರೆ ಸಂಬಳ, ಬಾಡಿಗೆ ಕೂಡ ಅನುದಾನಕ್ಕೆ ಯೋಗ್ಯವಾದ ಖರ್ಚು ಅಂತ ಒಪ್ಪಿಕೊಂಡಿದ್ದಾರೆ, ಹಂಚುವ ಮೊದಲು ತೋರಿಸುತ್ತಾರೆ. ಅದೇ ನನಗೆ ದೊಡ್ಡದಾಗಿ ಕಂಡಿತು.

ನಮ್ಮ ಕಾನೂನಿನಲ್ಲೂ ಬಾಗಿಲುಗಳಿವೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಆಗ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ವಿಷಯಗಳಿವೆ. ದುರ್ಬಲ ವರ್ಗದವರ, ಅಂಗವಿಕಲರ ಹಿತ ಕಾಯುವುದು ಅದರಲ್ಲಿ ಒಂದು. ರಸ್ತೆ, ನೀರು, ಕಸದಷ್ಟೇ ಇದೂ ನಗರದ ಕೆಲಸ. ಪಾಲಿಕೆಗಳಲ್ಲಿ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಅಂತಲೇ ಇದೆ. ಬಜೆಟ್‌ಗೆ ಮೊದಲು ಪೂರ್ವಭಾವಿ ಸಭೆ ಕರೆಯುವ ಪದ್ಧತಿ ಇದೆ. ಅಂಥ ಒಂದು ಸಭೆಗೆ ನಾನು ಹೋಗಿದ್ದೆ. ಬಂದಿದ್ದವರಲ್ಲಿ ಹೆಚ್ಚಿನವರು ರಸ್ತೆ ಗುಂಡಿ, ಒಳಚರಂಡಿ, ಬೀದಿ ನಾಯಿ, ಖಾತೆ ಬಗ್ಗೆ ಮಾತಾಡಿದರು. ಎಲ್ಲವೂ ನಿಜವಾದ ಕಷ್ಟವೇ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇರುವವರು, ಇಂಥ ಮಗು ಇರುವವರು ಬೆಳಗ್ಗೆ 11ಕ್ಕೆ ಸಭೆಗೆ ಬರಲು ಆಗುವುದಿಲ್ಲ. ಅಕ್ಕನೂ ಬರಲಾಗಲಿಲ್ಲ. ಬರಲಾಗದವರ ಮಾತು ಬಜೆಟ್‌ಗೂ ಬರುವುದಿಲ್ಲ.

2018ರ ಚುನಾವಣೆಯಲ್ಲಿ ಗೆದ್ದವರ 5 ವರ್ಷ ಮುಗಿದ ಮೇಲೆ ನಮ್ಮ ಪಾಲಿಕೆಯ ಅಧಿಕಾರ ಸರ್ಕಾರ ನೇಮಿಸುವ ಆಡಳಿತಾಧಿಕಾರಿ ಕೈಗೆ ಹೋಯಿತು. ಕಾರ್ಪೊರೇಟರ್ ಇದ್ದರೆ ಬೀದಿಯಲ್ಲಿ ನಿಲ್ಲಿಸಿಯಾದರೂ ಕೇಳಬಹುದು. ಅವರಿಲ್ಲದ ಕಾಲದಲ್ಲಿ ಕೇಳುವ ಕೆಲಸ ನಮ್ಮ ಮೇಲೇ ಬೀಳುತ್ತದೆ.

ನಾನು ಕೇಳುತ್ತಿರುವುದು ಇಷ್ಟೇ. ಶೇ 5 ಮತ್ತು ಶೇ 7.25ರಲ್ಲಿ ಒಂದು ಭಾಗವನ್ನು ನಡೆಸುವ ಖರ್ಚಿಗೆ ಅಂತ ಬೇರೆ ಇಡಿ. ಹಗಲು ಕೇಂದ್ರ, ವಯಸ್ಸಾದವರ ಆರೈಕೆ, ಕೊಳೆಗೇರಿ ಮಕ್ಕಳ ಸಂಜೆ ಪಾಠ, ಇಂಥವಕ್ಕೆ. ಒಂದು ವರ್ಷಕ್ಕೆ ಕೊಟ್ಟು ಕೈಬಿಡಬೇಡಿ, ಮೂರು ವರ್ಷಕ್ಕೆ ಮಾತು ಕೊಡಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿ. ಸುಳ್ಳು ಸಂಸ್ಥೆಗಳು ಹುಟ್ಟಿಕೊಳ್ಳುತ್ತವೆ ಅನ್ನುವ ಭಯ ನನಗೂ ಇದೆ. ಅದಕ್ಕೇ ಯಾರು ಅರ್ಜಿ ಹಾಕಿದರು, ಯಾರಿಗೆ ಎಷ್ಟು ಕೊಟ್ಟರು, ಯಾರಿಗೆ ಯಾಕೆ ಇಲ್ಲ ಅನ್ನುವುದನ್ನು ವಾರ್ಡ್ ಕಚೇರಿ ಗೋಡೆಗೆ ಅಂಟಿಸಿ ಅನ್ನುತ್ತಿದ್ದೇನೆ. ಪಕ್ಕದ ಬೀದಿಯವರಿಗೆ ಯಾವ ಕೇಂದ್ರ ನಿಜವಾಗಿ ನಡೆಯುತ್ತಿದೆ, ಯಾವುದಕ್ಕೆ ಬರೀ ಬೋರ್ಡ್ ಇದೆ ಅಂತ ಗೊತ್ತಿರುತ್ತದೆ. ವಸ್ತು ಕೊಡುವ ಮೊದಲೂ ಅಷ್ಟೇ, ಒಬ್ಬ ಫಿಸಿಯೋಥೆರಪಿಸ್ಟ್ ಮಗುವನ್ನು ನೋಡಿ ಇದು ಬೇಕು, ಇದು ಬೇಡ ಅಂತ ಬರೆದುಕೊಡಲಿ. ಅಕ್ಕನ ಮಗನಿಗೆ ಬೇಕಾಗಿದ್ದದ್ದು ಬೆನ್ನಿಗೆ, ಕುತ್ತಿಗೆಗೆ ಆಸರೆ ಇರುವ ಕುರ್ಚಿ. ಈಗಿನ ನಿಯಮದಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಅಂದರೆ ನಿಯಮ ತಿದ್ದಿ ಅಂತ ಸರ್ಕಾರಕ್ಕೆ ಬರೆಯಲಿ. ಆ ಪತ್ರಕ್ಕೆ ಮೊದಲ ಸಹಿ ನಾನು ಹಾಕುತ್ತೇನೆ.

ಎರಡು ಪುಟದ ಮನವಿ ಬರೆದು ಇಟ್ಟಿದ್ದೇನೆ. ಮುಂದಿನ ಪೂರ್ವಭಾವಿ ಸಭೆಯಲ್ಲಿ ಕೊಡುತ್ತೇನೆ. ಅದರ ಜೊತೆ ನಮ್ಮ 35 ವಾರ್ಡುಗಳಲ್ಲಿ ಅನುದಾನ ಇಲ್ಲದೆ ಇಂಥ ಸೇವೆ ನಡೆಸುತ್ತಿರುವವರ ಪಟ್ಟಿಯನ್ನೂ ಸೇರಿಸಬೇಕು ಅಂತಿದ್ದೇನೆ. ಇದುವರೆಗೆ ಏಳು ಸಿಕ್ಕಿವೆ. ಮರಳೂರು, ದಿಬ್ಬೂರು, ಕ್ಯಾತಸಂದ್ರ, ಉಪ್ಪಾರಹಳ್ಳಿ ಕಡೆಯದ್ದು ನನಗೆ ಒಂದೂ ಗೊತ್ತಾಗಿಲ್ಲ. ನಿಮ್ಮ ಬೀದಿಯಲ್ಲಿ ಯಾರಾದರೂ ನಡೆಸುತ್ತಿದ್ದರೆ, ಅವರನ್ನು ಒಂದು ಮಾತು ಕೇಳಿ, ಅವರು ಒಪ್ಪಿದರೆ ನನಗೆ ಮೆಸೇಜ್ ಮಾಡಿ. ಎಷ್ಟು ಜನ ಬರುತ್ತಾರೆ, ತಿಂಗಳಿಗೆ ಎಷ್ಟು ಖರ್ಚು, ಎಲ್ಲಿ ಕೊರತೆ ಬೀಳುತ್ತಿದೆ, ಇಷ್ಟು ಬರೆದರೆ ಸಾಕು. ಸಭೆಗೆ ಬರಲು ಆಗದವರು ಅವರ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ನಾನು ಮನೆಗೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅಕ್ಕ ತನ್ನದನ್ನು ಆಗಲೇ ಬರೆದುಕೊಟ್ಟಿದ್ದಾಳೆ. ಟ್ರೈಸಿಕಲ್ ವಾಪಸ್ ತೆಗೆದುಕೊಂಡು ಬೇಕಾದವರಿಗೆ ಕೊಡಿ, ನನ್ನ ಮಗನಿಗೆ ವಾರಕ್ಕೆ ಎರಡು ದಿನದ ಫಿಸಿಯೋಥೆರಪಿ ಕೊಡಿ ಅಂತ.