ಸಾಲವಿಲ್ಲದ ಸುಖ, ತಪ್ಪಿಲ್ಲದ ಸುಖ

ಇಂಗ್ಲೆಂಡಿನ ಸೆಕ್ಯುಲರ್ ಬೌದ್ಧರ ಕೂಟಗಳಲ್ಲಿ ಪುನರ್ಜನ್ಮದ ಮಾತಿಲ್ಲ, ಪೂಜೆಯಿಲ್ಲ. ಒಂದಷ್ಟು ಹೊತ್ತು ಉಸಿರು ಗಮನಿಸುತ್ತ ಕೂರುತ್ತಾರೆ, ಆಮೇಲೆ ಮನಸ್ಸಿನ ಒತ್ತಡದ ಬಗ್ಗೆ ಮಾತಾಡುತ್ತಾರೆ. ಒಳ್ಳೆಯದೇ. ಆದರೆ ದುಡ್ಡಿನ ಮಾತು ಅಲ್ಲಿ ಬರುವುದು ಕಡಿಮೆ. ಬುದ್ಧ ಸಂಸಾರಿಗಳಿಗೆ ಹೇಳಿದ್ದರಲ್ಲಿ ದುಡ್ಡಿನ ಮಾತೇ ಎಷ್ಟೊಂದಿದೆ!

ಬುದ್ಧನ ಉಪದೇಶಗಳ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯದಲ್ಲಿ, ವ್ಯಾಪಾರಿ ಶಿಷ್ಯ ಅನಾಥಪಿಂಡಿಕನಿಗೆ ಹೇಳಿದ ಸುಖಗಳು ನಾಲ್ಕು: ನ್ಯಾಯವಾಗಿ ದುಡಿದದ್ದು ಇದೆಯೆಂಬುದು, ಅದನ್ನು ಉಂಡು ಹಂಚುವುದು, ಸಾಲವಿಲ್ಲದಿರುವುದು, ಮೈ-ಮಾತು-ಮನಸ್ಸಿನಲ್ಲಿ ತಪ್ಪಿಲ್ಲದಿರುವುದು. ಮೊದಲ ಮೂರು ಸೇರಿದರೂ ಕೊನೆಯದರ ಹದಿನಾರನೇ ಒಂದು ಪಾಲಿಗೂ ಬಾರವು. ಇದನ್ನು ಪರೀಕ್ಷಿಸಲು ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಬೆಳೆಗಾರರ ಮನೆಗಳಿಗಿಂತ ತಕ್ಕ ಜಾಗ ನನಗೆ ಕಾಣದು.

ಸಿಗಾಲನೆಂಬ ಸಂಸಾರಿಗೆ ಬುದ್ಧ ಮಾಡಿದ ಉಪದೇಶ ಸಿಗಾಲೋವಾದ ಸುತ್ತ. ಅದರಲ್ಲಿ ಆದಾಯ ನಾಲ್ಕು ಪಾಲು: ಒಂದು ಉಣ್ಣಲು, ಎರಡು ಕೆಲಸಕ್ಕೆ, ಒಂದು ಆಪತ್ತಿಗೆ. ಸಂಬಳದವರು ಇದನ್ನು ತಿಂಗಳಿಗೊಮ್ಮೆ ಮಾಡಬಹುದು. ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಹಾಗಾಗಿ ಮಾರಿದ ದಿನವೇ ಪಾಲು ಮಾಡಿ ಆಪತ್ತಿನದನ್ನು ಬೇರೆ ಖಾತೆಗೆ ಹಾಕಬೇಕು. ಮದುವೆ, ಕಾರು ಎಂದು ತಡಮಾಡಿದರೆ ಆ ಪಾಲೇ ಮೊದಲು ಕರಗುತ್ತದೆ. ಮಳೆ ಬಿಡದೆ ಹೊಡೆದು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸಲಾಗದೆ ಕೊಳೆ ರೋಗ ಬಂದ ವರ್ಷ ಮಂಡಿಯಲ್ಲಿ ಮುಂಗಡ ತರಬೇಕಾಗುತ್ತದೆ. ಮುಂಗಡ ಕೊಟ್ಟವರಿಗೇ ಅಡಿಕೆ ಹಾಕಬೇಕಾಗಿ ಬಂದರೆ ಧಾರಣೆ ಏರುವವರೆಗೆ ಕಾಯುವ ಸ್ವಾತಂತ್ರ್ಯ ಹೋಯಿತು. ಸಾಲವಿಲ್ಲದಿರುವುದನ್ನು ಸುಖಗಳ ಸಾಲಿಗೆ ಸೇರಿಸಿದ್ದು ಏಕೆಂದು ಆಗ ಯಾರೂ ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯ ಸುಖ, ತಪ್ಪಿಲ್ಲದಿರುವುದು, ಕಷ್ಟದ್ದು. ಮಗ ರಾಹುಲನಿಗೆ ಬುದ್ಧ ಕೊಟ್ಟ ಅಭ್ಯಾಸ ಸರಳ: ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೋ ಇತರರಿಗೋ ನೋವಾಗುತ್ತದೆಯೇ ಎಂದು ಕೇಳಿಕೊಳ್ಳುವುದು. ಸರಿಯಾಗಿ ಒಣಗದ ಅಡಿಕೆಯನ್ನು ತೂಕಕ್ಕಾಗಿ ಮೂಟೆಗೆ ಸೇರಿಸುವವರಿದ್ದಾರೆ. ಒಳಗೆ ಬೂಷ್ಟು ಬಂದು ಕೊಂಡವನಿಗೆ ನಷ್ಟ. ಇಲ್ಲಿ ಉತ್ತರ ಸುಲಭ. ಆದರೆ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಸಂಸಾರಿ ಮಾಡಬಾರದೆಂದು ಬುದ್ಧ ಹೇಳಿದ ಐದು ವ್ಯಾಪಾರಗಳಲ್ಲಿ ವಿಷದ್ದೂ ಒಂದು. ಗುಟ್ಕಾ ಕಾರ್ಖಾನೆಗೆ ಹೋಗುವ ಅಡಿಕೆ ಅದರಲ್ಲಿ ಸೇರುತ್ತದೆಯೇ? ಸೇರುತ್ತದೆ ಎಂದೇ ನನ್ನ ಅನಿಸಿಕೆ. ಇದನ್ನು ತೋಟ ಕಡಿಯಿರಿ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಇರುವ ಮರಕ್ಕೆ ಕಾಳುಮೆಣಸು ಹಬ್ಬಿಸಿ, ಅದರ ನೆರಳಲ್ಲಿ ಏಲಕ್ಕಿ, ಕಾಫಿ ಹಾಕಿ, ಮನೆಯ ಆದಾಯದಲ್ಲಿ ಅಡಿಕೆಯ ಪಾಲನ್ನು ವರ್ಷ ವರ್ಷ ಇಳಿಸಬಹುದು. ಗದ್ದೆಗಳನ್ನೆಲ್ಲ ಹೊಸದಾಗಿ ಅಡಿಕೆ ತೋಟ ಮಾಡುವುದನ್ನಂತೂ ನಿಲ್ಲಿಸಬಹುದು.

ಉಸಿರು ನೋಡುವ ಇಂಗ್ಲೆಂಡಿನ ಗೆಳೆಯರಿಗೂ ಇದೇ ಪ್ರಶ್ನೆ: ನಿಮ್ಮ ಪಿಂಚಣಿ ನಿಧಿ ಶಸ್ತ್ರಾಸ್ತ್ರ ಕಂಪನಿಯ ಷೇರು ಕೊಂಡಿದೆಯೇ? ಆ ಐದರ ಪಟ್ಟಿಯಲ್ಲಿ ಶಸ್ತ್ರ ಮೊದಲನೆಯದು. ಮಲೆನಾಡಿನವರಿಗೆ ಮುಯ್ಯಾಳು ಗೊತ್ತು, ಒಬ್ಬರ ಕೊಯ್ಲಿಗೆ ಇನ್ನೊಬ್ಬರು ಹೋಗುವುದು ಗೊತ್ತು. ಅದು ಜಾತಿಯೊಳಗೇ ನಿಲ್ಲುವುದನ್ನು ಮಾತ್ರ ಈ ಕೂಟಗಳಿಂದ ನೋಡಿ ತಿದ್ದಿಕೊಳ್ಳಬಹುದು. ಆ ಕೂಟಗಳಲ್ಲಿ ಪಕ್ಕದಲ್ಲಿ ಕೂತವರ ಮನೆತನವನ್ನು ಯಾರೂ ಕೇಳುವುದಿಲ್ಲ.